ಉರಿಯುವ ಕುರ್ಕುರೆ, ಪುಟಿಯುವ ಅನ್ನ

ತುಳಸಿಗೇರಿ ಹನುಮಪ್ಪನ ಜಾತ್ರೆಗೆ ಹೋದವರಿಗೆ ಗೊತ್ತು. ಗುಡಿಯ ಹತ್ತಿರ ಕಾಯಿ ಕರ್ಪೂರದ ಅಂಗಡಿ. ಅದರಾಚೆ ಬೆಂಡು ಬತ್ತಾಸು, ಚುನಮುರಿ, ಬಿಸಿ ಬಿಸಿ ಮೆಣಸಿನಕಾಯಿ ಭಜಿ. ಈಗ ಅವುಗಳ ಪಕ್ಕದಲ್ಲಿ ಇನ್ನೊಂದು ಸಾಲು ಬಂದಿದೆ. ಬಣ್ಣ ಬಣ್ಣದ ಪಾಕೀಟುಗಳು ಮಾಲೆಯ ಹಾಗೆ ತೂಗುತ್ತವೆ. ಕುರ್ಕುರೆ, ಚಿಪ್ಸ್, ಚಾಕಲೇಟು, ತಂಪು ಪಾನೀಯ. ಮಕ್ಕಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಭಜಿ ಕರಿಯುವುದು ನಮ್ಮ ಕಣ್ಣ ಮುಂದೆ. ಹಿಟ್ಟು ಯಾವುದು, ಎಣ್ಣೆ ಎಂಥದು ನೋಡಬಹುದು. ಕರಿಯುವ ಅಕ್ಕನ ಗುರುತೂ ಇರುತ್ತದೆ. ಪಾಕೀಟಿನ ತಿಂಡಿ ಹಾಗಲ್ಲ. ಎಲ್ಲಿಯೋ ಮಾಡಿದ್ದು, ಯಾರೋ ಮಾಡಿದ್ದು. ಅದಕ್ಕೇ ಅದರ ಸುತ್ತ ಮಾತು ಹುಟ್ಟುತ್ತವೆ.

"ಯಕ್ಕಾ, ಹುಡುಗ್ಗ ಅದನ್ನ ಕೊಡಸಬ್ಯಾಡ. ಅದರಾಗ ಪ್ಲಾಸ್ಟಿಕ್ ಹಾಕ್ತಾರಂತ."

"ಯಾರು ಹೇಳಿದ್ರವಾ?"

"ಮೊಬೈಲಿನ್ಯಾಗ ಬಂದೈತಿ. ಕಡ್ಡಿ ಗೀರಿ ಹಚ್ಚಿದ್ರ ಭಗ್ ಅಂತ ಉರೀತೈತಿ. ನಾನ ಕಣ್ಣಾರೆ ನೋಡೇನಿ."

ಇಂಥ ಮಾತು ನೀವೂ ಕೇಳಿರುತ್ತೀರಿ. ನಾವೂ ಕೇಳಿದ್ದೇವೆ. ಇವಕ್ಕೆ ನಮ್ಮ ಹಿರಿಯರು 'ಅಂತೆ ಕಂತೆ' ಎಂದು ಹೆಸರಿಟ್ಟರು. ಹಾಕ್ತಾರಂತೆ, ಸತ್ತರಂತೆ, ಸಿಕ್ಕಿತಂತೆ. ಈ ಪಾಠದಲ್ಲಿ ತಿಂಡಿಯ ಅಂತೆ ಕಂತೆಗಳನ್ನು ಒಂದೊಂದಾಗಿ ಬಿಚ್ಚಿ ನೋಡೋಣ.

ಕುರ್ಕುರೆ ಯಾಕೆ ಉರಿಯುತ್ತದೆ?

ಕುರ್ಕುರೆ ಪೆಪ್ಸಿ ಕಂಪನಿಯ ತಿಂಡಿ. 1999ರಲ್ಲಿ ಪೇಟೆಗೆ ಬಂತು. ಗೋವಿನಜೋಳ, ಅಕ್ಕಿ, ಕಡಲೆಬೇಳೆ ಇವುಗಳ ಹಿಟ್ಟಿನಿಂದ ಮಾಡುತ್ತಾರೆ. ಚಕ್ಕುಲಿ ಒತ್ತುವ ಹಾಗೆ ಯಂತ್ರದಲ್ಲಿ ಹಿಟ್ಟನ್ನು ಒತ್ತಿ ಹೊರಗೆ ದೂಡುತ್ತಾರೆ. ಒತ್ತಡ ಮತ್ತು ಬಿಸಿಯಿಂದ ಅದು ಉಬ್ಬುತ್ತದೆ. ಒಳಗೆಲ್ಲ ಸಣ್ಣ ಸಣ್ಣ ತೂತು ಬೀಳುತ್ತವೆ. ಆಮೇಲೆ ಎಣ್ಣೆ, ಮಸಾಲೆ.

ಈಗ ದೇವರ ಮುಂದಿನ ದೀಪ ನೆನೆಯಿರಿ. ಒಣ ಬತ್ತಿ ಬೇಗ ಸುಟ್ಟು ಹೋಗುತ್ತದೆ. ಎಣ್ಣೆ ಕುಡಿದ ಬತ್ತಿ ನಿಂತು ಉರಿಯುತ್ತದೆ. ಕುರ್ಕುರೆಯೂ ಎಣ್ಣೆ ಕುಡಿದ ಹಿಟ್ಟಿನ ಬತ್ತಿ. ತೂತಿನಲ್ಲಿ ಗಾಳಿ ಬೇರೆ ಇದೆ. ಕಡ್ಡಿ ಹಚ್ಚಿದರೆ ಉರಿಯದೆ ಇನ್ನೇನು ಮಾಡೀತು? ಒಣ ಕೊಬ್ಬರಿ ಚೂರಿಗೆ ಕಡ್ಡಿ ಹಚ್ಚಿ ನೋಡಿ. ಅದೂ ಉರಿಯುತ್ತದೆ. ಕೆಂಡದ ಮೇಲೆ ಹಪ್ಪಳ ಸುಡುವಾಗ ಅಂಚಿಗೆ ಉರಿ ಹತ್ತಿದ್ದನ್ನು ಎಲ್ಲ ಅವ್ವಂದಿರೂ ನೋಡಿದ್ದಾರೆ. ಕೊಬ್ಬರಿಯಲ್ಲಿ ಪ್ಲಾಸ್ಟಿಕ್ ಇದೆ ಎಂದು ಯಾರೂ ಹೇಳುವುದಿಲ್ಲ. ಯಾಕೆಂದರೆ ಕೊಬ್ಬರಿ ನಮಗೆ ಗೊತ್ತು.

ಪ್ಲಾಸ್ಟಿಕ್ ಸುಟ್ಟರೆ ಅದು ಕರಗಿ ತೊಟ್ಟಿಕ್ಕುತ್ತದೆ. ಹಿಟ್ಟಿನ ತಿಂಡಿ ಸುಟ್ಟರೆ ಇದ್ದಲಿಯಾಗುತ್ತದೆ. ಮೊಬೈಲಿನ ಆ ವಿಡಿಯೊದಲ್ಲಿ ಕಣ್ಣಿಗೆ ಕಂಡದ್ದು ನಿಜವೇ. ಕಂಡದ್ದಕ್ಕೆ ಕೊಟ್ಟ ಅರ್ಥ ತಪ್ಪು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇದಕ್ಕೇ ಇದೆ.

ಈ ಮಾತು ಎಷ್ಟು ಹಬ್ಬಿತೆಂದರೆ ಕಂಪನಿ ದಿಲ್ಲಿಯ ಹೈಕೋರ್ಟಿಗೆ ಹೋಯಿತು. ಫೇಸ್‌ಬುಕ್, ಯೂಟ್ಯೂಬ್ ಮುಂತಾದ ಕಡೆ ಇದ್ದ ಇಂಥ ಸಾವಿರಾರು ಬರಹ, ವಿಡಿಯೊಗಳನ್ನು ತೆಗೆಸಲು 2018ರಲ್ಲಿ ಕೋರ್ಟಿನ ಆದೇಶ ತಂದಿತು. ಆದರೂ ಆ ಮಾತು ಇನ್ನೂ ಸತ್ತಿಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇವೆ. ಪ್ಲಾಸ್ಟಿಕ್ ಇಲ್ಲ ಎಂದ ಮಾತ್ರಕ್ಕೆ ದಿನಾಲೂ ಮಕ್ಕಳಿಗೆ ಕೊಡಿ ಎಂದು ಅರ್ಥವಲ್ಲ. ಅದರಲ್ಲಿ ಉಪ್ಪು ಹೆಚ್ಚು, ಎಣ್ಣೆ ಹೆಚ್ಚು. ಹುರಿದ ಶೇಂಗಾ, ಒಂದು ತುಂಡು ಬೆಲ್ಲ ಅದಕ್ಕಿಂತ ಮೇಲು. ಬೇಡ ಎನ್ನಲು ನಿಜವಾದ ಕಾರಣ ಇರುವಾಗ ಸುಳ್ಳು ಕಾರಣ ಯಾಕೆ ಬೇಕು?

ಆರು ಕಾಲಿನ ಕೋಳಿ

ಇಂಥ ಕಥೆ ನಮ್ಮ ಕಡೆ ಮಾತ್ರ ಹುಟ್ಟುವುದಿಲ್ಲ. ಬಹಳ ಓದಿದವರ ದೇಶಗಳಲ್ಲೂ ಹುಟ್ಟುತ್ತವೆ. ಅಮೆರಿಕದ ಒಂದು ಕೋಳಿ ಹೋಟೆಲಿನ ಕಥೆ ಕೇಳಿ. ಅದರ ಹೆಸರು ಕೆಂಟಕಿ ಫ್ರೈಡ್ ಚಿಕನ್. ಚಿಕ್ಕದಾಗಿ ಕೆ.ಎಫ್.ಸಿ.

ಭಾರತದಲ್ಲಿ ಇದರ ಮೊದಲ ಹೋಟೆಲು ನಮ್ಮ ಬೆಂಗಳೂರಿನಲ್ಲೇ ತೆರೆಯಿತು. ಅದು 1995ರ ಜೂನ್. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘ ಇದನ್ನು ವಿರೋಧಿಸಿತು. ವಿದೇಶಿ ಕಂಪನಿ ಬಂದರೆ ನಮ್ಮ ರೈತನ ಗತಿ ಏನು ಎಂಬುದು ಅವರ ಪ್ರಶ್ನೆ. ಅದೇ ವರ್ಷ ಬೆಂಗಳೂರು ಪಾಲಿಕೆಯವರು ತಿಂಡಿಯಲ್ಲಿ ಅಜಿನೊಮೊಟೊ ಮಿತಿಗಿಂತ ಹೆಚ್ಚಾಗಿದೆ ಎಂದು ಲೈಸೆನ್ಸು ರದ್ದು ಮಾಡಿದರು. ಕಂಪನಿ ಹೈಕೋರ್ಟಿಗೆ ಹೋಯಿತು. ಹೋಟೆಲು ಮತ್ತೆ ತೆರೆಯಿತು. 1996ರ ಜನವರಿ 30ರಂದು ರೈತ ಸಂಘದವರು ಒಳಗೆ ನುಗ್ಗಿ ಸಾಮಾನು ಒಡೆದರು.

ಇದರಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ಆಗ ಬಹಳ ವಾದವಾಯಿತು. ನಾವು ಹೇಳುವುದು ಬೇರೆ. ಇಲ್ಲಿ ಆರೋಪ ಮಾಡಿದವರಿಗೆ ಹೆಸರಿತ್ತು. ಊರಿತ್ತು. ದಿನಾಂಕವಿತ್ತು. ಕೋರ್ಟಿನಲ್ಲಿ ಉತ್ತರ ಹೇಳುವ ಹೊಣೆಯೂ ಇತ್ತು.

ಆಮೇಲೆ ಅದೇ ಹೋಟೆಲಿನ ಬಗ್ಗೆ ಹೆಸರಿಲ್ಲದ ಕಥೆಯೊಂದು ಲೋಕವೆಲ್ಲ ತಿರುಗಿತು. "ಅವರು ಸಾಕುವ ಕೋಳಿಗೆ ತಲೆಯಿಲ್ಲವಂತೆ, ಪುಕ್ಕವಿಲ್ಲವಂತೆ, ಆರು ಕಾಲಂತೆ. ಅದು ಕೋಳಿಯೇ ಅಲ್ಲವಂತೆ. ಅದಕ್ಕೇ ಸರಕಾರ ಚಿಕನ್ ಎಂಬ ಹೆಸರು ತೆಗೆಸಿ ಬರೀ ಮೂರು ಅಕ್ಷರ ಇಡಿಸಿತಂತೆ." ನಿಜ ಇಷ್ಟೇ. ಕಂಪನಿ 1991ರಲ್ಲಿ ತನ್ನ ಉದ್ದ ಹೆಸರನ್ನು ಚಿಕ್ಕದು ಮಾಡಿಕೊಂಡಿತು. ಹೋಟೆಲಿನ ಒಳಗಿನ ತಿಂಡಿಪಟ್ಟಿಯಲ್ಲಿ ಚಿಕನ್ ಎಂಬ ಮಾತು ಮೊದಲೂ ಇತ್ತು, ಆಮೇಲೂ ಇತ್ತು. ಓದು ಬಂದವರು ಪಟ್ಟಿ ನೋಡಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು.

ಚೀನಾ ದೇಶಕ್ಕೆ ಹೋಗುವ ಹೊತ್ತಿಗೆ ಆರು ಕಾಲು ಎಂಟಾಗಿತ್ತು! ಅಲ್ಲಿ ಕಂಪನಿ ಮೂರು ಸಂಸ್ಥೆಗಳ ಮೇಲೆ ದಾವೆ ಹಾಕಿತು. 2016ರಲ್ಲಿ ಶಾಂಘೈ ನಗರದ ಕೋರ್ಟು 6 ಲಕ್ಷ ಯುವಾನ್ ಪರಿಹಾರ ಕೊಡಿಸಿತು. ಯುವಾನ್ ಅಂದರೆ ಆ ದೇಶದ ರೂಪಾಯಿ.

ನಗಿಸಲು ಹೇಳಿದ ಸುಳ್ಳು

ಎಲ್ಲ ಸುಳ್ಳೂ ಕೆಟ್ಟದ್ದಲ್ಲ. ಏಪ್ರಿಲ್ 1ರಂದು ಹುಡುಗರು ಒಬ್ಬರನ್ನೊಬ್ಬರು ಮೂರ್ಖರನ್ನಾಗಿ ಮಾಡುವುದು ನಿಮಗೆ ಗೊತ್ತು. ದೊಡ್ಡ ದೊಡ್ಡ ಸಂಸ್ಥೆಗಳೂ ಈ ಆಟ ಆಡಿವೆ.

1957ರ ಏಪ್ರಿಲ್ 1. ಇಂಗ್ಲೆಂಡಿನ ಬಿ.ಬಿ.ಸಿ. ಟೆಲಿವಿಷನ್ ಒಂದು ಸುದ್ದಿ ತೋರಿಸಿತು. ಸ್ವಿಟ್ಜರ್ಲೆಂಡಿನಲ್ಲಿ ಹೆಣ್ಣುಮಕ್ಕಳು ಗಿಡದಿಂದ ಶ್ಯಾವಿಗೆ ಹರಿದು ಬುಟ್ಟಿ ತುಂಬುತ್ತಿದ್ದಾರೆ. ಈ ವರ್ಷ ಶ್ಯಾವಿಗೆ ಬೆಳೆ ಚೆನ್ನಾಗಿ ಬಂದಿದೆ! ಅದು ಇಟಲಿ ಕಡೆಯ ಶ್ಯಾವಿಗೆ. ಸ್ಪಾಗೆಟಿ ಎನ್ನುತ್ತಾರೆ. ಆಗ ಇಂಗ್ಲೆಂಡಿನ ಬಹಳ ಮಂದಿಗೆ ಅದರ ಪರಿಚಯ ಇರಲಿಲ್ಲ. ಹೀಗಾಗಿ ಎಷ್ಟೋ ಜನ ನಂಬಿದರು. ಆ ಗಿಡ ನಾವೂ ಹಚ್ಚಬೇಕು, ಹೇಗೆ ಎಂದು ಫೋನು ಮಾಡಿ ಕೇಳಿದರು. ನಮ್ಮ ಬಾದಾಮಿ, ಹುನಗುಂದದ ಅವ್ವಂದಿರು ಇದನ್ನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಹಿಟ್ಟು ನಾದಿ, ಶ್ಯಾವಿಗೆ ಹೊಸೆದು, ಬಿಸಿಲಿಗೆ ಒಣಹಾಕಿದ ಕೈಗಳು ಅವು. ಗೊತ್ತಿದ್ದ ವಸ್ತುವಿನ ಬಗ್ಗೆ ಸುಳ್ಳು ಹೇಳುವುದು ಕಷ್ಟ.

1998ರ ಏಪ್ರಿಲ್ 1ರಂದು ಅಮೆರಿಕದಲ್ಲಿ ಬರ್ಗರ್ ಕಿಂಗ್ ಎಂಬ ಹೋಟೆಲಿನವರು ಪೇಪರಿನಲ್ಲಿ ಪುಟದ ತುಂಬ ಜಾಹೀರಾತು ಕೊಟ್ಟರು. ಬರ್ಗರ್ ಅಂದರೆ ದುಂಡನೆಯ ಬ್ರೆಡ್ಡಿನ ನಡುವೆ ಮಾಂಸ, ತರಕಾರಿ ಇಟ್ಟ ತಿಂಡಿ. ಎಡಗೈಯವರಿಗಾಗಿ ಬೇರೆ ಬರ್ಗರ್ ಮಾಡಿದ್ದೇವೆ, ಒಳಗಿನ ಸಾಮಾನೆಲ್ಲ ತಿರುಗಿಸಿ ಇಟ್ಟಿದ್ದೇವೆ ಎಂದು ಬರೆದರು. ದುಂಡನೆಯ ವಸ್ತುವಿಗೆ ಎಡ ಯಾವುದು, ಬಲ ಯಾವುದು? ಆದರೂ ಸಾವಿರಾರು ಜನ ಹೋಗಿ ಕೇಳಿದರು. ಬಲಗೈಯವರು ಕೆಲವರು "ನಮಗ ಹಳೇದ ಇರಲಿ" ಎಂದರಂತೆ!

ಲಂಡನ್ ನಗರದಲ್ಲಿ 2017ರಲ್ಲಿ ನಡೆದದ್ದು ಇನ್ನೂ ಸೋಜಿಗ. ಒಬ್ಬ ಬರಹಗಾರ ತನ್ನ ಹಿತ್ತಲಿನ ಶೆಡ್ಡನ್ನೇ ದೊಡ್ಡ ಹೋಟೆಲು ಎಂದು ಇಂಟರ್‌ನೆಟ್ಟಿನಲ್ಲಿ ಸೇರಿಸಿದ. ಗೆಳೆಯರಿಂದ ಸುಳ್ಳು ಹೊಗಳಿಕೆ ಬರೆಸಿದ. ಗಡ್ಡದ ನೊರೆ, ಬಣ್ಣ ಬಳಸಿ ತಿಂಡಿಯಂಥ ಫೋಟೊ ತೆಗೆದು ಹಾಕಿದ. ಫೋನು ಮಾಡಿದವರಿಗೆಲ್ಲ ಜಾಗ ಖಾಲಿ ಇಲ್ಲ ಎಂದ. ಒಂದು ದಿನವೂ ಒಲೆ ಹೊತ್ತಿಸದ ಆ ಹೋಟೆಲು ಟ್ರಿಪ್ ಅಡ್ವೈಸರ್ ಎಂಬ ಪಟ್ಟಿಯಲ್ಲಿ ಲಂಡನ್ನಿಗೇ ಮೊದಲನೆಯದಾಯಿತು. ಆಮೇಲೆ ಆತನೇ ಗುಟ್ಟು ಬಿಟ್ಟುಕೊಟ್ಟ. ನಾಲ್ಕು ಜನ ಹೊಗಳಿದರೆಂದು, ಐದು ಚುಕ್ಕೆ ಬಿದ್ದವೆಂದು ನಂಬಬಾರದು ಎಂದು ತೋರಿಸುವುದೇ ಅವನ ಉದ್ದೇಶ.

ಈ ಮೂರೂ ಆಟಗಳಲ್ಲಿ ಆಡಿದವರೇ ಮುಂದೆ ಬಂದು ನಿಜ ಹೇಳಿದರು. ಗಾಳಿಸುದ್ದಿಯಲ್ಲಿ ಹಾಗೆ ಹೇಳಲು ಯಾರೂ ಬರುವುದಿಲ್ಲ.

ಪಡಿತರದ ಅಕ್ಕಿ

ಇಲ್ಲಿಯವರೆಗೆ ನಕ್ಕೆವು. ಈಗ ನಮ್ಮ ಅನ್ನದ ತಾಟಿಗೆ ಬರೋಣ.

2017ರ ಜೂನ್ ತಿಂಗಳಲ್ಲಿ ತೆಲಂಗಾಣ, ಆಂಧ್ರ, ಕರ್ನಾಟಕದಲ್ಲಿ ಒಂದೇ ಮಾತು. ಪ್ಲಾಸ್ಟಿಕ್ ಅಕ್ಕಿ ಬಂದಿದೆ! ಅನ್ನದ ಉಂಡೆ ಕಟ್ಟಿ ನೆಲಕ್ಕೆ ಒಗೆದರೆ ಚೆಂಡಿನ ಹಾಗೆ ಪುಟಿಯುತ್ತದೆ ಎಂದು ವಿಡಿಯೊ ಬಂದವು. ಅಧಿಕಾರಿಗಳು ಅಕ್ಕಿಯ ಮಾದರಿ ಪರೀಕ್ಷೆಗೆ ಕಳಿಸಿದರು. ಪ್ಲಾಸ್ಟಿಕ್ ಅಕ್ಕಿ ರುಜುವಾತಾಗಲಿಲ್ಲ.

ಅನ್ನ ಯಾಕೆ ಪುಟಿಯುತ್ತದೆ? ಅಕ್ಕಿಯಲ್ಲಿರುವುದು ಬಹುಪಾಲು ಪಿಷ್ಟ. ಬೆಂದ ಪಿಷ್ಟ ಅಂಟು. ಇಳಕಲ್ಲಿನ ಕಡೆ ನೇಕಾರರ ಮನೆಯಲ್ಲಿ ಹತ್ತಿ ನೂಲಿಗೆ ಗಂಜಿ ಹಚ್ಚುವುದನ್ನು ನೋಡಿದ್ದೀರಲ್ಲ? ನೂಲಿನ ಎಳೆಗಳನ್ನು ಬಿಗಿ ಹಿಡಿಯುವ ಗುಣವೇ ಅನ್ನದ ಅಗುಳನ್ನೂ ಹಿಡಿಯುತ್ತದೆ. ಗಟ್ಟಿಯಾಗಿ ಹಿಚುಕಿದ ಉಂಡೆಯೊಳಗೆ ಗಾಳಿಯೂ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಪುಟಿಯುತ್ತದೆ. ಗಂಜಿ ಆರಿದ ಮೇಲೆ ಅದರ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಒಣಗಿದರೆ ಅದು ಹಾಳೆಯ ಹಾಗೆ ಎದ್ದು ಬರುತ್ತದೆ. ಅದೂ ಪ್ಲಾಸ್ಟಿಕ್ ಅಲ್ಲ.

ನಮ್ಮ ಒಲೆಯ ಮೇಲೇ ಒಂದು ಪರೀಕ್ಷೆ ಇದೆ. ಅಕ್ಕಿ ನೀರು ಕುಡಿದು ಬೇಯುತ್ತದೆ, ಅರಳುತ್ತದೆ. ಒಂದು ಲೋಟ ಹಾಕಿದರೆ ಪಾತ್ರೆ ತುಂಬ ಅನ್ನವಾಗುತ್ತದೆ. ಪ್ಲಾಸ್ಟಿಕ್ ಕಾಳು ಎಷ್ಟು ಹೊತ್ತು ಕುದಿಸಿದರೂ ಅನ್ನವಾಗುವುದಿಲ್ಲ. ಲೆಕ್ಕವನ್ನೂ ಹಾಕಿ ನೋಡಿ. ಪ್ಲಾಸ್ಟಿಕ್ ಕಾಳಿನ ಬೆಲೆ ಅಕ್ಕಿಗಿಂತ ಹೆಚ್ಚು. ಕಲಬೆರಕೆ ಮಾಡುವವನು ಅಗ್ಗದ್ದನ್ನು ತುಟ್ಟಿಯದರಲ್ಲಿ ಬೆರೆಸುತ್ತಾನೆ. ಅಕ್ಕಿಗೆ ಕಲ್ಲು ಬೆರೆಸಿಯಾನು, ನುಚ್ಚು ಬೆರೆಸಿಯಾನು. ತುಟ್ಟಿಯ ಪ್ಲಾಸ್ಟಿಕ್ ಬೆರೆಸಿ ಅವನಿಗೇನು ಲಾಭ?

ಹಾಗಾದರೆ ಆ ಅಕ್ಕಿ ಕಾರ್ಖಾನೆಯ ವಿಡಿಯೊ? ಹಳೆಯ ಪ್ಲಾಸ್ಟಿಕ್ ಕರಗಿಸಿ ಕಾಳು ಮಾಡುವ ಕಾರ್ಖಾನೆಗಳಿವೆ. ಆ ಕಾಳಿನಿಂದ ಮುಂದೆ ಚೀಲ, ಬಕೀಟು ಮಾಡುತ್ತಾರೆ. ಅದನ್ನೇ ಅಕ್ಕಿ ಎಂದು ತೋರಿಸಿದರು. ಕೋಸುಗಡ್ಡೆ ಮಾಡುವ ವಿಡಿಯೊ ಕೂಡ ಹೀಗೆಯೇ. ಜಪಾನಿನ ಹೋಟೆಲುಗಳ ಬಾಗಿಲಲ್ಲಿ ಗಿರಾಕಿಗೆ ತೋರಿಸಲು ಬಣ್ಣದ ಗೊಂಬೆ ತಿಂಡಿ ಇಡುತ್ತಾರೆ. ಅಂಥ ಗೊಂಬೆ ಕೋಸು ಮಾಡುವುದನ್ನು ತೆಗೆದು, ಸಂತೆಗೆ ಬರುವ ಕೋಸು ಇದೇ ಎಂದು ಹಬ್ಬಿಸಿದರು.

ಇದಾದ ಮೇಲೆ ಬಂದದ್ದು ಇನ್ನೊಂದು ಅಕ್ಕಿ. 2021ರ ಆಗಸ್ಟ್ 15ರಂದು ಪ್ರಧಾನಮಂತ್ರಿಗಳು ಸರಕಾರದ ಯೋಜನೆಗಳಲ್ಲಿ ಸಾರವರ್ಧಿತ ಅಕ್ಕಿ ಕೊಡುವುದಾಗಿ ಹೇಳಿದರು. ಅದು ಅಂಗನವಾಡಿ, ಶಾಲೆಯ ಬಿಸಿಯೂಟ, ಆಮೇಲೆ ಪಡಿತರ ಅಂಗಡಿಗೂ ಹಂತ ಹಂತವಾಗಿ ಬಂತು. ಆಗ ಊರೂರಲ್ಲಿ ಇಂಥ ಮಾತು ಕೇಳಿ ಬಂದವು:

"ಕಾಕಾರ, ಈ ಅಕ್ಕಿಯೊಳಗ ಬ್ಯಾರೆ ಕಾಳು ಅದಾವು ನೋಡ್ರಿ. ನೀರಾಗ ಹಾಕಿದ್ರ ತೇಲ್ತಾವು."

"ನಾನೇನ ಮಾಡ್ಲವಾ? ಮ್ಯಾಲಿಂದ ಹಿಂಗ ಬಂದೈತಿ."

"ಹಂಗಾದ್ರ ಪ್ಲಾಸ್ಟಿಕ್ಕ ಇದು. ಆರಿಸಿ ಚೆಲ್ಲತೀನಿ."

ಆ ಕಾಳು ಏನು? ಅಕ್ಕಿಯ ಹಿಟ್ಟಿಗೆ ಕಬ್ಬಿಣದ ಸತ್ವ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸುತ್ತಾರೆ. ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿಯ ಆಕಾರಕ್ಕೆ ತರುತ್ತಾರೆ. ಇಂಥ ಕಾಳು 1ಕ್ಕೆ ಸಾದಾ ಅಕ್ಕಿ 100ರಂತೆ ಬೆರೆಸುತ್ತಾರೆ. ಒಂದು ಕಿಲೋದಲ್ಲಿ ಸುಮಾರು 10 ಗ್ರಾಮು. ಹಿಟ್ಟಿನಿಂದ ಮಾಡಿದ್ದರಿಂದ ಬಣ್ಣ ಸ್ವಲ್ಪ ಬೇರೆ. ಹಗುರವಾದ್ದರಿಂದ ಕೆಲವು ತೇಲುತ್ತವೆ.

ಯಾಕೆ ಬೆರೆಸಿದರು? 2019ರಿಂದ 2021ರವರೆಗೆ ದೇಶದ ಮನೆ ಮನೆಗಳಲ್ಲಿ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತ ಕಡಿಮೆ ಇತ್ತು. 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 100ಕ್ಕೆ ಸುಮಾರು 48 ಜನರಿಗೆ ಕಡಿಮೆ ಇತ್ತು. ರಕ್ತ ಕಡಿಮೆಯಾದ ಬಾಣಂತಿಯ ಸುಸ್ತು, ಮಗುವಿನ ಬಿಳಿಚಿದ ಮುಖ ನಮಗೆಲ್ಲ ಗೊತ್ತು. ಆ ತಾಯಿ ಮೊರದಲ್ಲಿ ಕೂತು, ಕಣ್ಣು ನೋಯಿಸಿಕೊಂಡು, ಒಂದೊಂದಾಗಿ ಆರಿಸಿ ಚೆಲ್ಲಿದ್ದು ತನ್ನ ಮಗುವಿನ ಪಾಲಿನ ಕಬ್ಬಿಣದ ಸತ್ವವನ್ನು.

ಆಕೆಯನ್ನು ದಡ್ಡಿ ಎನ್ನಲು ನಾವು ಒಪ್ಪುವುದಿಲ್ಲ. ಅಕ್ಕಿಯಲ್ಲಿ ಗುರುತಿಲ್ಲದ ಕಾಳು ಕಂಡರೆ ಆರಿಸುವುದು ಮನೆ ನಡೆಸುವವರ ಜಾಣತನ. ಚೀಲದ ಮೇಲೆ ಇಂಗ್ಲಿಷಿನಲ್ಲಿ ಒಂದು ಗುರುತು ಹಾಕಿ ಕಳಿಸಿದರೆ ಸಾಲದು. ಅಂಗಡಿಯ ಗೋಡೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಚ್ಚಬೇಕಿತ್ತು. ಹೇಳಬೇಕಾದವರು ಹೇಳದಿದ್ದ ಕಡೆ ಮೊಬೈಲು ಹೇಳಿತು. ಇನ್ನೊಂದು ವಿಷಯವನ್ನೂ ಹೇಳಬೇಕಿತ್ತು. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇದ್ದವರು ಕಬ್ಬಿಣದ ಸತ್ವ ಸೇರಿದ ಆಹಾರದ ಬಗ್ಗೆ ವೈದ್ಯರನ್ನು ಕೇಳಬೇಕು. ಇಂಥದನ್ನು ಮುಚ್ಚಿಡದೆ ಹೇಳಿದರೆ ಜನ ನಂಬುತ್ತಾರೆ.

ಗುಂಡಿಗೆ ಬಿದ್ದ ಕೋಳಿಮರಿ

ಗಾಳಿಸುದ್ದಿಯಿಂದ ದೊಡ್ಡ ಕಂಪನಿಗೂ ನಷ್ಟವಾಗುತ್ತದೆ. ಆದರೆ ಅದು ವಕೀಲರನ್ನು ಇಡುತ್ತದೆ, ಜಾಹೀರಾತು ಕೊಡುತ್ತದೆ. ಹಳ್ಳಿಯ ಕೋಳಿ ಸಾಕಣೆಯವನು ಏನು ಮಾಡಬೇಕು?

2020ರ ಫೆಬ್ರುವರಿ, ಮಾರ್ಚ್ ತಿಂಗಳು. ಕೋಳಿ ತಿಂದರೆ ಕೊರೋನಾ ಬರುತ್ತದೆ ಎಂಬ ಸುಳ್ಳು ಹಬ್ಬಿತು. ಜನ ಕೋಳಿ ಬಿಟ್ಟರು. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆ, ಗೋಕಾಕ ತಾಲ್ಲೂಕು. ಅಲ್ಲಿ ಕಿಲೋಗೆ 50ರಿಂದ 70 ರೂಪಾಯಿ ಇದ್ದ ಕೋಳಿಯ ಬೆಲೆ 5, 10 ರೂಪಾಯಿಗೆ ಇಳಿಯಿತು. ಮೇವಿನ ಖರ್ಚೂ ಹುಟ್ಟಲಿಲ್ಲ. ಒಬ್ಬ ರೈತ ಗುಂಡಿ ತೆಗೆಸಿ ಸುಮಾರು 6,000 ಕೋಳಿಗಳನ್ನು ಜೀವಂತ ಮುಚ್ಚಿದ. ತೆಲಂಗಾಣದಲ್ಲಿ ಮಂತ್ರಿಗಳೇ ವೇದಿಕೆ ಮೇಲೆ ನಿಂತು ಕೋಳಿ ತಿಂದು ತೋರಿಸಿದರು. ಆದರೂ ಬೆಲೆ ಏಳಲು ಬಹಳ ದಿನ ಬೇಕಾದವು. ಕೋಳಿಯಿಂದ ಕೊರೋನಾ ಬಂದ ಒಂದು ಉದಾಹರಣೆಯೂ ಸಿಗಲಿಲ್ಲ.

ಇನ್ನೊಂದು ಸುಳ್ಳು ಇದಕ್ಕಿಂತ ನಂಜು. ಫ್ರೂಟಿ ಎಂಬ ಮಾವಿನ ಪಾನೀಯದಲ್ಲಿ ಎಚ್.ಐ.ವಿ. ಇರುವ ಕೆಲಸಗಾರ ತನ್ನ ರಕ್ತ ಬೆರೆಸಿದ್ದಾನೆ, ದಿಲ್ಲಿ ಪೊಲೀಸರೇ ಹೇಳಿದ್ದಾರೆ ಎಂಬ ಸಂದೇಶ ಎಷ್ಟೋ ವರ್ಷದಿಂದ ಸುತ್ತುತ್ತಿದೆ. ಪೊಲೀಸರು ಹಾಗೆ ಹೇಳಿಲ್ಲ. ಎಚ್.ಐ.ವಿ. ತಿನ್ನುವುದರಿಂದ, ಕುಡಿಯುವುದರಿಂದ ಹರಡುವುದಿಲ್ಲ. ಆ ರೋಗಾಣು ಮೈಯಿಂದ ಹೊರಗೆ ಬಂದರೆ ಬಹಳ ಹೊತ್ತು ಬದುಕುವುದೂ ಇಲ್ಲ.

ನಮ್ಮ ಬಾಗಲಕೋಟೆ ಜಿಲ್ಲೆಗೆ ಈ ಸುಳ್ಳು ಸಣ್ಣದಲ್ಲ. 2000ದ ನಂತರದ ವರ್ಷಗಳಲ್ಲಿ ರಾಜ್ಯದಲ್ಲಿ ಈ ಸೋಂಕು ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಸೋಂಕು ಇದ್ದವರು ಮಾತ್ರೆ ತಗೊಂಡು, ದುಡಿದು, ಮಕ್ಕಳನ್ನು ಸಾಕುತ್ತಿದ್ದಾರೆ. ಅಂಥ ಒಬ್ಬ ಅಕ್ಕ ಖಾನಾವಳಿಯಲ್ಲಿ ರೊಟ್ಟಿ ಬಡಿದರೆ ಆ ರೊಟ್ಟಿಯಿಂದ ಯಾರಿಗೂ ಏನೂ ಆಗುವುದಿಲ್ಲ. ಈ ಸಂದೇಶ ಓದಿದ ಯಜಮಾನ ಆಕೆಯನ್ನು ಕೆಲಸದಿಂದ ತೆಗೆದರೆ ಆಕೆಯ ಒಲೆ ಆರುತ್ತದೆ. ಹಾಗೆ ತೆಗೆಯುವುದು 2017ರ ಎಚ್.ಐ.ವಿ. ಕಾಯ್ದೆಯ ಪ್ರಕಾರ ತಪ್ಪು.

ನಿಜವಾದದ್ದೂ ಉಂಟು

"ಹಂಗಾದ್ರ ಎಲ್ಲಾ ಸುಳ್ಳಏನ್ರಿ?" ಎಂದು ಕೇಳುತ್ತೀರಿ. ಇಲ್ಲ. ಕೆಲವು ನಿಜ. ಅದೇ ತೊಡಕು.

2003ರಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್‌ಬರಿ ಚಾಕಲೇಟಿನಲ್ಲಿ ಹುಳು ಸಿಕ್ಕವು. ಅಲ್ಲಿನ ಸರಕಾರದ ಇಲಾಖೆ ತನಿಖೆಗೆ ಇಳಿಯಿತು. ಕಂಪನಿ ಮುಂದಿನ ವರ್ಷ ಸುತ್ತುವ ಹಾಳೆಯನ್ನೇ ಬದಲಿಸಿ ಗಟ್ಟಿ ಮಾಡಿತು. ಅದೇ 2003ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಕೋಲಾ ಪಾನೀಯಗಳಲ್ಲಿ ಕೀಟನಾಶಕದ ಅಂಶವಿದೆ ಎಂದು ಹೇಳಿತು. ಪಾರ್ಲಿಮೆಂಟಿನ ಸಮಿತಿ 2004ರಲ್ಲಿ ಹೌದು ಎಂದಿತು. ಆ ನಿಜದ ಬೆನ್ನಿಗೆ ಒಂದು ಅಂತೆ ಕಂತೆಯೂ ಬಂತು. ಕೋಲಾ ಸಿಂಪಡಿಸಿದರೆ ಹುಳ ಸಾಯುತ್ತವೆ ಎಂದು ಆಂಧ್ರದ ಗುಂಟೂರಿನ ಕಡೆ ಕೆಲ ರೈತರು ಹತ್ತಿ, ಮೆಣಸಿನಕಾಯಿ ಬೆಳೆಗೆ ಸಿಂಪಡಿಸಿದರು. ಕೋಲಾದಲ್ಲಿನ ಸಕ್ಕರೆಗೆ ಇರುವೆ ಬರುತ್ತವೆ, ಇರುವೆ ಮರಿಹುಳುಗಳನ್ನು ತಿನ್ನುತ್ತವೆ ಎಂದು ಬಲ್ಲವರು ಹೇಳಿದರು. ಅಷ್ಟು ಆಗಬೇಕಾದರೆ ಬೆಲ್ಲದ ನೀರು ಸಾಕು!

ನಮ್ಮ ರಾಜ್ಯದ್ದೇ ಕೇಳಿ. 2024ರ ಮಾರ್ಚಿನಲ್ಲಿ ಆರೋಗ್ಯ ಇಲಾಖೆ 171 ಕಡೆಯ ಗೋಬಿ ಮಂಚೂರಿ ಪರೀಕ್ಷಿಸಿತು. 107ರಲ್ಲಿ ಅಪಾಯದ ಬಣ್ಣ ಇತ್ತು. 25 ಬಾಂಬೆ ಮಿಠಾಯಿ ಮಾದರಿಯಲ್ಲಿ 15 ಕೆಟ್ಟವು. ಬಟ್ಟೆಗೆ ಹಾಕುವ ರೋಡಮಿನ್ ಬಿ ಎಂಬ ಬಣ್ಣವೂ ಸಿಕ್ಕಿತು. ಆ ಬಣ್ಣಗಳನ್ನು ನಿಷೇಧಿಸಿದರು. 2025ರ ಫೆಬ್ರುವರಿಯಲ್ಲಿ ಇಡ್ಲಿ ಮಾಡುವ 251 ಕಡೆ ನೋಡಿದರು. 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದರು. ನೋಡಿ, ತಿಂಡಿಯಲ್ಲಿ ಪ್ಲಾಸ್ಟಿಕ್ ಎಂಬ ಮಾತು ಇಲ್ಲಿ ನಿಜವಾಯಿತು. ಜನ ಕುರ್ಕುರೆಗೆ ಕಡ್ಡಿ ಹಚ್ಚುತ್ತಿದ್ದಾಗ ಅದು ಇಡ್ಲಿ ತಟ್ಟೆಯಲ್ಲಿ ಕೂತಿತ್ತು.

ಈ ಮಾತುಗಳನ್ನು ನಾವು ಯಾಕೆ ನಂಬಿದೆವು? ಎಷ್ಟು ಕಡೆ ನೋಡಿದರು, ಯಾರು ನೋಡಿದರು, ಯಾವಾಗ ನೋಡಿದರು, ಏನು ಸಿಕ್ಕಿತು ಎಲ್ಲ ಇದೆ. ಸಿಗದೆ ಇದ್ದದ್ದರ ಲೆಕ್ಕವೂ ಇದೆ. 251ರಲ್ಲಿ 199 ಕಡೆ ಪ್ಲಾಸ್ಟಿಕ್ ಇರಲಿಲ್ಲ. ಗಾಳಿಸುದ್ದಿ ಎಂದೂ ಇಂಥ ಲೆಕ್ಕ ಕೊಡುವುದಿಲ್ಲ. ಅದು "ಎಲ್ಲಾ ಹೋಟೆಲಿನ್ಯಾಗೂ" ಎನ್ನುತ್ತದೆ. "ಹತ್ತು ಮಂದಿಗೆ ಕಳಸ್ರಿ" ಎನ್ನುತ್ತದೆ.

ಪಾಕೀಟು ಓದೋಣ

ನೀವು ಈಗ ಅಕ್ಷರ ಕಲಿತಿದ್ದೀರಿ. ಅಂಕಿ ಕಲಿತಿದ್ದೀರಿ. ಮನೆಯಲ್ಲಿರುವ ಒಂದು ಬಿಸ್ಕೀಟಿನ ಪಾಕೀಟನ್ನೋ ಎಣ್ಣೆಯ ಪಾಕೀಟನ್ನೋ ಕೈಗೆ ತಗೊಳ್ಳಿ. ಅದರ ಮೇಲೆ 14 ಅಂಕಿಯ ಒಂದು ನಂಬರು ಇರಬೇಕು. ಅದು ಆಹಾರ ಸುರಕ್ಷತಾ ಲೈಸೆನ್ಸಿನ ನಂಬರು. ಹೋಟೆಲಿನ ಬಿಲ್ಲಿನ ಮೇಲೂ 2022ರ ಜನವರಿಯಿಂದ ಇದನ್ನು ಹಾಕಬೇಕೆಂದು ನಿಯಮವಿದೆ. ಮಾಡಿದ ದಿನಾಂಕ, ಎಲ್ಲಿಯವರೆಗೆ ತಿನ್ನಬಹುದು ಎಂಬ ದಿನಾಂಕ, ಮಾಡಿದವರ ವಿಳಾಸ ಹುಡುಕಿ. ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿಯಲ್ಲಿ ಹೆಚ್ಚು ಇರುವ ವಸ್ತುವೇ ಮೊದಲು ಬರುತ್ತದೆ. ಮೊದಲ ಮಾತೇ ಸಕ್ಕರೆ ಎಂದಿದ್ದರೆ ಅದರಲ್ಲಿ ಬೇರೆ ಯಾವ ವಸ್ತುವಿಗಿಂತಲೂ ಸಕ್ಕರೆಯೇ ಹೆಚ್ಚು. ಬಹಳ ಪಾಕೀಟುಗಳ ಮೇಲೆ ಇದೆಲ್ಲ ಇಂಗ್ಲಿಷಿನಲ್ಲೇ ಇರುತ್ತದೆ. ಆಗ ಶಾಲೆಗೆ ಹೋಗುವ ಮಗ, ಮಗಳಿಂದ ಓದಿಸಿ. ಅಂಕಿ ಮಾತ್ರ ನೀವೇ ಓದಿ.

ತಿಂಡಿ ಕೆಟ್ಟಿದ್ದರೆ, ಹುಳು ಸಿಕ್ಕರೆ ಪಾಕೀಟು ಒಗೆಯಬೇಡಿ. ಬಿಲ್ಲು ಇಟ್ಟುಕೊಳ್ಳಿ. 1800-112-100 ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ಫೋನು. ಪಡಿತರದ ದೂರಿಗೆ 1967.

ಅಭ್ಯಾಸ

ಈ ಪಾಠವನ್ನು ಕಲಿಕಾ ಕೇಂದ್ರದಲ್ಲಿ ಒಬ್ಬರು ಗಟ್ಟಿಯಾಗಿ ಓದಿ. ಉಳಿದವರು ಕೇಳಿ. ಆಮೇಲೆ ಮಾತಾಡಿ.

ಕುರ್ಕುರೆ ಉರಿಯುವುದಕ್ಕೂ ದೀಪದ ಬತ್ತಿ ಉರಿಯುವುದಕ್ಕೂ ಏನು ಹೋಲಿಕೆ? ನಿಮ್ಮ ಮಾತಿನಲ್ಲಿ ಹೇಳಿ.

ಪಡಿತರದ ಅಕ್ಕಿ ಒಂದು ಹಿಡಿ ತನ್ನಿ. ಬೇರೆ ಬಣ್ಣದ ಕಾಳು ಇವೆಯೇ? ಇದ್ದರೆ ಅವನ್ನು ಬೇರೆ ಕುದಿಸಿ ನೋಡಿ. ಮೆತ್ತಗಾದವೇ?

ತಿಂಡಿಯ ಬಗ್ಗೆ ನೀವು ಇತ್ತೀಚೆಗೆ ಕೇಳಿದ ಒಂದು ಮಾತನ್ನು ಪಾಟಿಯ ಮೇಲೆ ಬರೆಯಿರಿ. ಅದರ ಕೆಳಗೆ ಯಾರು, ಎಲ್ಲಿ, ಯಾವಾಗ ಎಂದು ಮೂರು ಸಾಲು ಬರೆದು, ಗೊತ್ತಿದ್ದಷ್ಟು ತುಂಬಿ. ಗೊತ್ತಿಲ್ಲದ ಸಾಲು ಖಾಲಿ ಬಿಡಿ.